ಗಸಗಸೆಯ ಹಾಲು: ನೋವಿನ ಮದ್ದಿನ ಒಂದು ಚರಿತ್ರೆ

ನಮ್ಮ ಹಳೇ ಮೈಸೂರು ಸೀಮೆಯ ಹಬ್ಬದೂಟದಲ್ಲಿ ಗಸಗಸೆ ಪಾಯಸಕ್ಕೆ ಅದರದೇ ಆದ ಸ್ಥಾನವಿದೆ. ಊಟ ಮುಗಿದ ಮೇಲೆ ಕಣ್ಣೆಳೆಯುವುದು ಆ ಪಾಯಸದ ಗುಣವೆಂದು ಹಿರಿಯರು ನಗುತ್ತಾ ಹೇಳುವುದುಂಟು. ಬೀಜದಲ್ಲಿ ಮಾದಕ ಅಂಶ ಅತ್ಯಲ್ಪ. ನಿದ್ದೆ ಬರುವುದು ಬಹುಶಃ ಹೊಟ್ಟೆ ತುಂಬಿದ್ದರಿಂದಲೇ ಇರಬೇಕು. ಆದರೆ ಅದೇ ಗಿಡದ ಎಳೆಯ ಕಾಯಿಯನ್ನು ಇಳಿಹೊತ್ತಿನಲ್ಲಿ ಗೀರಿ ಬಿಟ್ಟರೆ ಹಾಲಿನಂಥ ರಸ ಒಸರುತ್ತದೆ. ಬೆಳಗಾಗುವಷ್ಟರಲ್ಲಿ ಅದು ಕಂದುಬಣ್ಣದ ಅಂಟಾಗಿ ಗಟ್ಟಿಯಾಗುತ್ತದೆ. ಅದೇ ಅಫೀಮು. ಮಾರ್ಫಿನ್ ಮತ್ತು ಕೊಡೀನ್ ಅದರಿಂದ ಬಂದವು. ಸೊಂಟನೋವಿಗೆಂದು ಇಂದು ಬರೆದುಕೊಡುವ ಟ್ರಮಡಾಲ್, ಟಪೆಂಟಡಾಲ್‌ಗಳು ಗಿಡದಿಂದ ಬಂದವಲ್ಲ, ಪ್ರಯೋಗಾಲಯದಲ್ಲಿ ಹುಟ್ಟಿದವು. ಆದರೂ ಅವು ದೇಹದೊಳಗೆ ತೆರೆಯುವುದು ಅಫೀಮು ತೆರೆಯುವ ಬಾಗಿಲನ್ನೇ. ಆದ್ದರಿಂದ ಇವೆಲ್ಲವನ್ನೂ ಅಫೀಮು ಕುಲದ ಔಷಧಗಳೆಂದೇ ಕರೆಯಬಹುದು.

ಈ ಕುಲದ ಚರಿತ್ರೆಯನ್ನು ಇಲ್ಲಿ ಬರೆಯಲು ಕಾರಣವಿದೆ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನೇ ವರ್ಷಗಟ್ಟಲೆ ನುಂಗಿ, ಈಗ ಬಿಡಲೂ ಆಗದೆ ಮುಂದುವರಿಸಲೂ ಆಗದೆ ಬಳಲುವವರು ನಮ್ಮ ನಡುವೆಯೇ ಇದ್ದಾರೆ. ಅವರು ಕುಡುಕರಲ್ಲ, ಕದ್ದು ಗಾಂಜಾ ಸೇದಿದವರೂ ಅಲ್ಲ. ನೋವಿದ್ದುದರಿಂದ ಮದ್ದು ತೆಗೆದುಕೊಂಡವರು. ಆದರೂ ಮನೆಯವರು ಅವರನ್ನು ಬೇರೆಯೇ ಕಣ್ಣಿನಿಂದ ನೋಡತೊಡಗುತ್ತಾರೆ. ಆ ನೋಟ ಎಲ್ಲಿಂದ ಬಂತು, ಅದರಲ್ಲಿ ನ್ಯಾಯವೆಷ್ಟು ಎಂಬುದನ್ನು ಚರಿತ್ರೆಯೇ ನಮಗೆ ಹೇಳಬಲ್ಲದು.

ಕನ್ನಡದ ‘ಮದ್ದು’ ಎಂಬ ಪದವೇ ವಿಚಿತ್ರವಾದದ್ದು. ಕಾಯಿಲೆ ವಾಸಿ ಮಾಡುವುದು ಮದ್ದು. ತುಪಾಕಿಗೆ ತುಂಬುವುದೂ ಮದ್ದು. ಯಾರಿಗೋ ಆಗದವರು ಊಟದಲ್ಲಿ ಬೆರೆಸಿಕೊಡುತ್ತಾರೆಂದು ಹಳ್ಳಿಯವರು ಅಂಜುವುದೂ ಮದ್ದೇ. ಮದ್ದೂರಿನ ಹೆಸರಿಗೆ ಮದ್ದುಗುಂಡಿನ ಕಥೆಯೊಂದನ್ನು ಜನ ಹೇಳುತ್ತಾರೆ. ಅದರ ಸತ್ಯಾಸತ್ಯವನ್ನು ಶಾಸನ ಬಲ್ಲವರಿಗೆ ಬಿಡೋಣ. ಗ್ರೀಕರ ‘ಫಾರ್ಮಕಾನ್’ ಎಂಬ ಮಾತಿಗೂ ಔಷಧ ಮತ್ತು ವಿಷ ಎರಡೂ ಅರ್ಥಗಳಿದ್ದವು. ಹಳೆಯ ಭಾಷೆಗಳಿಗೆ ಗೊತ್ತಿದ್ದ ಸಂಗತಿಯನ್ನು ಹೊಸ ಕಾಲ ಮತ್ತೆ ಮತ್ತೆ ಮರೆತದ್ದೇ ಈ ಚರಿತ್ರೆಯ ಮುಖ್ಯ ಭಾಗ.

1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೇನೆಗೂ ಇಂಗ್ಲಿಷರ ಸೇನೆಗೂ ಕದನ ನಡೆಯಿತು. ಮುಂದಿನ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅರಿವಳಿಕೆ ಎಂಬುದು ಹುಟ್ಟುವುದಕ್ಕೆ ಇನ್ನೂ ಅರ್ಧ ಶತಮಾನ ಬೇಕಿದ್ದ ಕಾಲವದು. ಗಾಯಾಳುವಿನ ಕಾಲು ಕತ್ತರಿಸುವಾಗ ಆ ಕಾಲದ ಸೇನಾ ವೈದ್ಯರ ಕೈಯಲ್ಲಿದ್ದ ಆಸರೆ ಮದ್ಯ ಮತ್ತು ಅಫೀಮು, ಅಥವಾ ಅಫೀಮನ್ನು ಮದ್ಯದಲ್ಲಿ ಕರಗಿಸಿದ ‘ಲಾಡನಮ್’. ಯುದ್ಧ ಮುಗಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ ಮೈಸೂರು ಸೀಮೆಯನ್ನು ಸುತ್ತಿದ. ಮಂಡ್ಯ, ಮದ್ದೂರು, ಮಳವಳ್ಳಿ ಮೂರನ್ನೂ ಹಾದುಹೋದ. ಬೆಳೆ, ನೀರು, ಕೂಲಿ, ಕಸುಬು ಎಲ್ಲವನ್ನೂ ಬರೆದಿಟ್ಟ ಅವನ ಪುಸ್ತಕ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಕೋಲಾರದ ಕಡೆಯ ತೋಟಗಳಲ್ಲಿ ಗಸಗಸೆ ಬೆಳೆಯುತ್ತಿದ್ದರೆಂದು ಅದರಲ್ಲಿ ದಾಖಲಾಗಿದೆ. ಅಫೀಮಿಗಾಗಿಯೂ ಹೌದು, ಉಳ್ಳವರ ಮನೆಯ ಸಿಹಿತಿಂಡಿಗೆ ಬೇಕಾದ ಬೀಜಕ್ಕಾಗಿಯೂ ಹೌದು. ಅಂದರೆ ಇನ್ನೂರು ವರ್ಷಗಳ ಹಿಂದೆ ಅಫೀಮು ನಮ್ಮ ನಾಡಿಗೆ ಹೊರಗಿನ ವಸ್ತುವಾಗಿರಲಿಲ್ಲ. ಕಂಪನಿ ಸರ್ಕಾರ ಆ ವೇಳೆಗಾಗಲೇ ಅದನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತ್ತು, ಮುಂದೆ ಗಾಜೀಪುರದಲ್ಲಿ ಕಾರ್ಖಾನೆ ತೆರೆಯಿತು. ಮೈಸೂರು ಸಂಸ್ಥಾನದ ಅಬಕಾರಿ ಲೆಕ್ಕದಲ್ಲಿ ಸಾರಾಯಿ, ಸೇಂದಿಗಳ ಪಕ್ಕದಲ್ಲಿ ಅಫೀಮೂ ಒಂದು ಬಾಬತ್ತಾಗಿ ಉಳಿಯಿತು.

ಬುಕನನ್ ಇಲ್ಲಿ ಸುತ್ತಿದ ಕೆಲವೇ ವರ್ಷಗಳಲ್ಲಿ ಜರ್ಮನಿಯ ಪಾಡರ್‌ಬಾರ್ನ್ ಪಟ್ಟಣದ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದ ಫ್ರೀಡ್ರಿಕ್ ಸರ್ಟ್ಯೂರ್ನರ್ ಎಂಬ ತರುಣ ಅಫೀಮಿನ ಸತ್ವವನ್ನು ಬೇರ್ಪಡಿಸಿದ. ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರನ್ನು ಅದಕ್ಕಿಟ್ಟ. 1827ರ ಹೊತ್ತಿಗೆ ಡಾರ್ಮ್‌ಸ್ಟಾಟ್‌ನ ಮರ್ಕ್ ಮನೆತನ ಮಾರ್ಫಿನ್ನನ್ನು ವ್ಯಾಪಾರಕ್ಕೆ ತಯಾರಿಸತೊಡಗಿತು. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಸೂಜಿಮದ್ದಿನ ವಿಧಾನವನ್ನು ಬಳಕೆಗೆ ತಂದ. ಚುಚ್ಚಿ ಕೊಟ್ಟ ಮಾರ್ಫಿನ್ ಹೊಟ್ಟೆಯ ದಾರಿ ಹಿಡಿಯುವುದಿಲ್ಲ, ಹಾಗಾಗಿ ಅದು ಚಟವಾಗುವುದಿಲ್ಲ ಎಂದು ಹಲವು ವೈದ್ಯರು ನಂಬಿದರು. ನಂಬಿಕೆ ಸುಳ್ಳಾಯಿತು. 1898ರಲ್ಲಿ ಬಾಯರ್ ಕಂಪನಿ ಕೆಮ್ಮಿಗೆ ಒಳ್ಳೆಯದು, ಮಾರ್ಫಿನ್ನಿಗಿಂತ ನಿರಪಾಯಕರ ಎಂದು ಹೊಸ ಔಷಧವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರು ಹೆರಾಯಿನ್. ‘ಇದು ಹಿಂದಿನದರಂತಲ್ಲ’ ಎಂಬ ಈ ಮಾತು ಇಲ್ಲಿಂದ ಮುಂದೆ ಪ್ರತಿ ತಲೆಮಾರಿನಲ್ಲೂ ಕೇಳಿಸುತ್ತದೆ.

ಬಿಡಿಸುವ ವಿದ್ಯೆಯ ಚರಿತ್ರೆಯೂ ಆಗಲೇ ಆರಂಭವಾಯಿತು. ಈ ಭಾಗವನ್ನು ಪಠ್ಯಪುಸ್ತಕಗಳು ಹೇಳುವುದು ಕಡಿಮೆ. ಬರ್ಲಿನ್ನಿನ ಎಡುವರ್ಡ್ ಲೆವಿನ್‌ಸ್ಟೈನ್ ಎಂಬ ವೈದ್ಯ 1877ರಲ್ಲಿ ಮಾರ್ಫಿನ್ ಚಟದ ಬಗ್ಗೆ ಗ್ರಂಥ ಬರೆದ. ರೋಗಿಯನ್ನು ಕೋಣೆಯಲ್ಲಿ ಕೂಡಿ, ಕಾವಲಿಟ್ಟು, ಒಂದೇ ಏಟಿಗೆ ಮಾರ್ಫಿನ್ ನಿಲ್ಲಿಸುವುದು ಅವನ ಪದ್ಧತಿ. ಒದ್ದಾಟ, ವಾಂತಿ, ಭೇದಿ, ಕೂಗಾಟ ಎಲ್ಲವೂ ಆ ಕೋಣೆಯಲ್ಲಿ ನಡೆಯಬೇಕು. ಅವನ ನಾಡಿನವನೇ ಆದ ಎರ್ಲೆನ್‌ಮೇಯರ್, ಇದು ಅತಿಯಾಯಿತೆಂದು, ಕೆಲವೇ ದಿನಗಳಲ್ಲಿ ಬೇಗಬೇಗ ಇಳಿಸುವ ಕ್ರಮವನ್ನು ಹೇಳಿದ. ನಿಧಾನವಾಗಿ ಇಳಿಸಬೇಕೆನ್ನುವ ಮೂರನೆಯ ಗುಂಪೂ ಇತ್ತು. ಇಂದಿಗೂ ನಮ್ಮ ಮನೆಗಳಲ್ಲಿ ನಡೆಯುವ ವಾದ ಈ ಮೂರರ ನಡುವಿನದೇ. ‘ಗಟ್ಟಿ ಮನಸ್ಸು ಮಾಡಿ ಒಂದೇ ದಿನ ಬಿಟ್ಟುಬಿಡು’ ಎನ್ನುವ ದೊಡ್ಡಪ್ಪ, ತನಗೆ ಗೊತ್ತಿಲ್ಲದೆಯೇ, ಲೆವಿನ್‌ಸ್ಟೈನನ ಶಿಷ್ಯ.

ಭಾರತದಲ್ಲಿ ಇದು ಬೇರೆಯದೇ ರೂಪ ತಾಳಿತು. ಬ್ರಿಟನ್ನಿನ ಕ್ರೈಸ್ತ ಸುಧಾರಕರು, ಅದರಲ್ಲೂ ಕ್ವೇಕರ್ ಪಂಥದವರು, ಅಫೀಮಿನ ವ್ಯಾಪಾರ ಪಾಪವೆಂದು ಹೋರಾಡಿದ್ದರಿಂದ 1893ರಲ್ಲಿ ಲಾರ್ಡ್ ಬ್ರಾಸಿಯ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಷನ್ ನೇಮಕವಾಯಿತು. 1895ರ ಅದರ ವರದಿ ಸರ್ಕಾರದ ಆದಾಯಕ್ಕೆ ಧಕ್ಕೆಯಾಗದಂತೆಯೇ ಬಂತು ಎಂಬುದು ಹಲವರ ಟೀಕೆ, ಟೀಕೆಯಲ್ಲಿ ಹುರುಳಿದೆ. ಆದರೂ ಅದರ ಸಾಕ್ಷ್ಯಗಳಲ್ಲಿ ಒಂದು ಸತ್ಯ ಅಡಗಿತ್ತು: ಅಫೀಮು ತಿನ್ನುವ ಬಡವರಲ್ಲಿ ಬಹಳ ಮಂದಿ ಮೋಜಿಗೆ ಆರಂಭಿಸಿದವರಲ್ಲ, ಜ್ವರ, ಕೆಮ್ಮು, ಕೀಲುನೋವು, ಭೇದಿಗಳಿಗೆ ಬೇರೆ ಮದ್ದಿಲ್ಲದೆ ಆರಂಭಿಸಿದವರು. ಕೂಲಿ ಹೆಂಗಸರು ಹಸುಗೂಸಿಗೆ ಅಫೀಮಿನ ಗುಳಿಗೆ ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದುದೂ ಆ ಕಾಲದ ಸಂಗತಿಯೇ. ಗಾಂಧೀಜಿಯವರ ಆಪ್ತರಾಗಿದ್ದ ಸಿ.ಎಫ್. ಆಂಡ್ರೂಸ್ 1920ರ ದಶಕದಲ್ಲಿ ಅಫೀಮಿನ ವಿರುದ್ಧ ಬರೆದರು, ದುಡಿದರು.

ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಅಖಿಲ ಭಾರತ ಅಫೀಮು ಸಮ್ಮೇಳನ ಸೇರಿತು. ಅಲ್ಲಿ ಕೈಗೊಂಡ ತೀರ್ಮಾನ ಗಮನಾರ್ಹವಾದದ್ದು. ಅಫೀಮನ್ನು ನಾಳೆಯಿಂದಲೇ ನಿಷೇಧಿಸಿಬಿಡೋಣ ಎಂದು ಅವರು ಹೇಳಲಿಲ್ಲ. ರಾಜ್ಯಗಳಿಗೆ ಒದಗಿಸುವ ಅಫೀಮನ್ನು ವರ್ಷಕ್ಕೆ ಶೇಕಡಾ 10ರಂತೆ ಕಡಿಮೆ ಮಾಡುತ್ತಾ ಹತ್ತು ವರ್ಷಗಳಲ್ಲಿ ಮುಗಿಸುವುದೆಂದು ಗೊತ್ತುಮಾಡಿದರು. 1959ರ ಏಪ್ರಿಲ್ 1ರಿಂದ ವೈದ್ಯಕೀಯ ಕಾರಣಗಳಿಗೆ ಹೊರತು ಅಫೀಮಿನ ಮಾರಾಟ ನಿಂತಿತು. ಮುದಿ ವ್ಯಸನಿಗಳನ್ನು ನಡುದಾರಿಯಲ್ಲಿ ಬಿಡದೆ, ವೈದ್ಯರ ಪ್ರಮಾಣಪತ್ರದ ಮೇಲೆ ಹೆಸರು ನೋಂದಾಯಿಸಿ ಅವರಿಗೆ ಪಡಿ ಮುಂದುವರಿಸಿದರು. ದಶಮಾಂಶ ಎಂಬ ಮಾತು ನಮಗೆ ದೇವಾಲಯದಲ್ಲಿ ಪರಿಚಿತ. ಒಂದು ದೇಶ ತನ್ನ ಹಳೆಯ ಅಭ್ಯಾಸವನ್ನು ದಶಮಾಂಶದ ಲೆಕ್ಕದಲ್ಲಿ ಕಳಚಿಕೊಂಡಿತೆಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಈ ಹತ್ತರಲ್ಲೊಂದು ಪಾಲಿನ ಲೆಕ್ಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಮುಂದೆ ಮತ್ತೆ ಬರುತ್ತದೆ.

ಆ ತಾಳ್ಮೆ 1985ರಲ್ಲಿ ಉಳಿಯಲಿಲ್ಲ. ಆ ವರ್ಷ ಬಂದ ಮಾದಕ ವಸ್ತುಗಳ ಕಾಯ್ದೆ ಕಳ್ಳಸಾಗಣೆಯನ್ನು ಹಿಡಿಯಲು ಹೊರಟು ಆಸ್ಪತ್ರೆಗಳನ್ನೂ ಬಿಗಿಯಿತು. ಮಾರ್ಫಿನ್ ಇಟ್ಟುಕೊಳ್ಳಲು ಹಲವು ಪರವಾನಗಿಗಳು, ತಪ್ಪಿದರೆ ಕಠಿಣ ಸಜೆ. ಔಷಧದಂಗಡಿಗಳೂ ಆಸ್ಪತ್ರೆಗಳೂ ಸಹವಾಸವೇ ಬೇಡವೆಂದು ಕೈಬಿಟ್ಟವು. 1985ರಿಂದ 1997ರೊಳಗೆ ದೇಶದ ಮಾರ್ಫಿನ್ ಬಳಕೆ ಸುಮಾರು ಶೇಕಡಾ 97ರಷ್ಟು ಕುಸಿದು, ಇಡೀ ದೇಶಕ್ಕೆ ವರ್ಷಕ್ಕೆ 18 ಕಿಲೋಗೆ ಇಳಿಯಿತು. ಜಗತ್ತಿಗೆ ಅಫೀಮು ಬೆಳೆದು ಕೊಡುತ್ತಿದ್ದ ದೇಶದಲ್ಲೇ ಕ್ಯಾನ್ಸರ್ ರೋಗಿಗಳು ಮಾರ್ಫಿನ್ ಕಾಣದೆ ನರಳಿ ಸತ್ತರು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ನೋವು ಉಪಶಮನದ ಕೇಂದ್ರ ತೆರೆದರು. ಬೆಂಗಳೂರಿನಲ್ಲಿ 1999ರಲ್ಲಿ ಕರುಣಾಶ್ರಯ ಬಾಗಿಲು ತೆರೆದು, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಆರೈಕೆ ಕೊಡುತ್ತಾ ಬಂದಿದೆ. ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಮಾರ್ಫಿನ್ ಸೇರಿದಂತೆ ಕೆಲವು ಅತ್ಯಗತ್ಯ ಔಷಧಗಳಿಗೆ ದಾರಿ ಸಡಿಲವಾಯಿತು. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ, ಈ ಲೇಖನವನ್ನು ಓದಿ ಯಾರೂ ಕ್ಯಾನ್ಸರ್ ರೋಗಿಯ ಕೈಯಿಂದ ಮಾರ್ಫಿನ್ ಕಿತ್ತುಕೊಳ್ಳಬಾರದು. ಅವರ ಪಾಲಿಗೆ ಅದು ವರ.

ನಮ್ಮಲ್ಲಿ ಮಾರ್ಫಿನ್ ಸಿಗದ ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ತದ್ವಿರುದ್ಧವಾದುದು ನಡೆಯುತ್ತಿತ್ತು. 1980ರ ಜನವರಿಯಲ್ಲಿ ಅಲ್ಲಿನ ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ ಐದೇ ವಾಕ್ಯಗಳ ಪತ್ರವೊಂದು ಪ್ರಕಟವಾಗಿತ್ತು. ಆಸ್ಪತ್ರೆಯಲ್ಲಿ ಇಂಥ ಔಷಧ ಪಡೆದ 11,882 ರೋಗಿಗಳಲ್ಲಿ ವ್ಯಸನಿಗಳಾದವರು ನಾಲ್ವರು ಮಾತ್ರ ಎಂಬುದು ಅದರ ಸಾರ. ಅದು ಆಸ್ಪತ್ರೆಯ ಹಾಸಿಗೆಯ ಮೇಲೆ, ದಾದಿಯರ ಕಣ್ಣೆದುರಿನಲ್ಲಿ ಮದ್ದು ಪಡೆದವರ ಲೆಕ್ಕ. ಮನೆಗೆ ಒಯ್ದು ವರ್ಷಗಟ್ಟಲೆ ನುಂಗುವವರಿಗೂ ಅದನ್ನೇ ಅನ್ವಯಿಸಿ ನೂರಾರು ಲೇಖಕರು ಉದ್ಧರಿಸಿದರು. 1996ರಲ್ಲಿ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಮಾತ್ರೆಯನ್ನು ಮಾರುಕಟ್ಟೆಗೆ ತಂದು, ಇದರಿಂದ ಚಟ ಹತ್ತುವ ಭಯ ಕಡಿಮೆ ಎಂದು ಪ್ರಚಾರ ಮಾಡಿತು. 2007ರಲ್ಲಿ ಆ ಪ್ರಚಾರಕ್ಕಾಗಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. 1999ರಿಂದೀಚೆಗೆ ಅಲ್ಲಿ ಅಫೀಮು ಕುಲದ ವಸ್ತುಗಳ ಅತಿಸೇವನೆಯಿಂದ ಸತ್ತವರು ಏಳು ಲಕ್ಷಕ್ಕೂ ಹೆಚ್ಚು.

ಹೆದರಿದ ವೈದ್ಯರು 2016ರ ನಂತರ ಮತ್ತೊಂದು ತುದಿಗೆ ಓಡಿದರು. ಹತ್ತು ವರ್ಷ ಮಾತ್ರೆ ಬರೆದುಕೊಟ್ಟವರೇ ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲಿಸಿದರು. ಕೆಲವರು ಬೀದಿಯ ಹೆರಾಯಿನ್‌ಗೆ ಇಳಿದರು, ಕೆಲವರು ಪ್ರಾಣ ಕಳೆದುಕೊಂಡರು. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ, ಒಗ್ಗಿಹೋದ ರೋಗಿಗಳಲ್ಲಿ ಈ ಔಷಧಗಳನ್ನು ಥಟ್ಟನೆ ನಿಲ್ಲಿಸಕೂಡದೆಂದು ಎಚ್ಚರಿಸಬೇಕಾಯಿತು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ಹೊರಡಿಸಿದ ಮಾರ್ಗದರ್ಶನ ಹೇಳುವುದೇನು? ಒಂದು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡವರಿಗೆ ತಿಂಗಳಿಗೆ ಶೇಕಡಾ 10, ಅಥವಾ ಅದಕ್ಕಿಂತಲೂ ನಿಧಾನವಾಗಿ ಇಳಿಸುವುದು ಸಹ್ಯ. ನಮ್ಮ 1949ರ ಲೆಕ್ಕ ಇಡೀ ದೇಶದ ದಾಸ್ತಾನಿಗೆ, ವರ್ಷಕ್ಕೆ ಹತ್ತರಲ್ಲೊಂದು. ಇದು ಒಬ್ಬ ರೋಗಿಯ ಮಾತ್ರೆಗೆ, ತಿಂಗಳಿಗೆ ಹತ್ತರಲ್ಲೊಂದು. ಎರಡೂ ಒಂದೇ ಅಲ್ಲ, ನಿಜ. ಆದರೆ ಅವಸರ ಮಾಡಬಾರದೆಂಬ ತಿಳಿವಳಿಕೆ ಒಂದೇ.

ಅವಸರ ಏಕೆ ಕೂಡದು ಎಂಬುದಕ್ಕೆ ಉತ್ತರ 1970ರ ದಶಕದಲ್ಲಿ ಸಿಕ್ಕಿತು. 1973ರಲ್ಲಿ ಮಿದುಳಿನಲ್ಲಿ ಅಫೀಮು ಹೋಗಿ ಕೂರುವ ಗ್ರಾಹಕಗಳು ಪತ್ತೆಯಾದವು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಎಂಬ ವಿಜ್ಞಾನಿಗಳು ದೇಹವು ತಾನೇ ತಯಾರಿಸಿಕೊಳ್ಳುವ ನೋವುಶಾಮಕಗಳನ್ನು ಗುರುತಿಸಿದರು. ಸೃಷ್ಟಿಕರ್ತನು ನಮ್ಮೊಳಗೇ ಒಂದು ಚಿಕ್ಕ ಔಷಧಶಾಲೆಯನ್ನು ಇರಿಸಿದ್ದಾನೆ. ಹೊರಗಿನಿಂದ ದಿನವೂ ಮಾತ್ರೆ ಬರತೊಡಗಿದರೆ ದೇಹ ಅದಕ್ಕೆ ತಕ್ಕಂತೆ ತನ್ನನ್ನು ಬದಲಿಸಿಕೊಳ್ಳುತ್ತದೆ. ಮೊದಲು ಒಂದು ಮಾತ್ರೆ ಮಾಡಿದ ಕೆಲಸಕ್ಕೆ ಆಮೇಲೆ ಎರಡು ಬೇಕು. ಕೆಲವರಲ್ಲಿ ಮಾತ್ರೆಯೇ ನೋವಿನ ಸೂಕ್ಷ್ಮತೆಯನ್ನು ಹೆಚ್ಚಿಸುವುದೂ ಉಂಟು. ಥಟ್ಟನೆ ನಿಲ್ಲಿಸಿದರೆ ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು, ಹೊಟ್ಟೆ ನುಲಿತ, ಭೇದಿ, ಕಾಲುಗಳ ಚಡಪಡಿಕೆ, ನಿದ್ದೆಗೇಡು. ಬಹುತೇಕ ಮಾತ್ರೆಗಳಲ್ಲಿ ಈ ಬಾಧೆ ಒಂದು ದಿನದೊಳಗೆ ಎದ್ದು, ಎರಡು ಮೂರು ದಿನಕ್ಕೆ ಏರಿ, ವಾರ ಹತ್ತು ದಿನಕ್ಕೆ ಇಳಿಯುತ್ತದೆ. ನಿದ್ದೆ ಮತ್ತು ಮನಸ್ಸು ನೆಟ್ಟಗಾಗಲು ಇನ್ನೂ ವಾರಗಳು ಬೇಕು. ಹಳೆಯ ನೋವೂ ಆಗ ಇಮ್ಮಡಿಯಾಗಿ ಕಾಣಿಸುತ್ತದೆ. ‘ನೋಡು, ಮಾತ್ರೆ ಇಲ್ಲದೆ ಆಗುವುದೇ ಇಲ್ಲ’ ಎಂದು ರೋಗಿ ತಿಳಿಯುವುದು ಇಲ್ಲಿಯೇ. ಆ ನೋವಿನಲ್ಲಿ ಒಂದು ಪಾಲು ಮಾತ್ರೆ ಬಿಟ್ಟದ್ದರಿಂದಲೇ ಬಂದದ್ದು. ನಿಧಾನವಾಗಿ ಇಳಿಸಿದರೆ ಅದು ಹೀಗೆ ಎದ್ದು ಬಡಿಯುವುದಿಲ್ಲ.

ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಬೇಕು. ದೇಹದ ಅವಲಂಬನೆ ಒಂದು, ವ್ಯಸನ ಇನ್ನೊಂದು. ದಿನವೂ ತೆಗೆದುಕೊಂಡ ಯಾರಲ್ಲಾದರೂ, ಸಂತನಲ್ಲೂ, ಅವಲಂಬನೆ ಹುಟ್ಟುತ್ತದೆ. ಹಾನಿಯಾಗುತ್ತಿದ್ದರೂ ಮನಸ್ಸು ಅದರ ಹಿಂದೆಯೇ ಓಡುವುದು ವ್ಯಸನ. ಅದೂ ಚಿಕಿತ್ಸೆ ಬೇಕಾದ ಕಾಯಿಲೆಯೇ. ಪಾಪನಿವೇದನೆಯ ಪೀಠದ ಬಳಿ ಈ ವ್ಯತ್ಯಾಸ ತಿಳಿಯದೆ ಹೋದರೆ ಗುರುಗಳಾದ ನಮ್ಮಿಂದಲೂ ಅನ್ಯಾಯವಾದೀತು.

ನಾನು ಬಲ್ಲ ಒಬ್ಬರ ಸಂಗತಿಯನ್ನು ಅವರ ಒಪ್ಪಿಗೆಯಿಂದ, ಗುರುತು ಸಿಗದಂತೆ, ಹೇಳುತ್ತೇನೆ. ಮಳವಳ್ಳಿ ಕಡೆಯ ಹಳ್ಳಿ. ಆಲೆಮನೆಯಲ್ಲಿ ಕಬ್ಬಿನ ಹೊರೆ ಹೊತ್ತು, ಕೊಪ್ಪರಿಗೆ ಎತ್ತಿ ಇಳಿಸಿ ಇಪ್ಪತ್ತು ವರ್ಷ ದುಡಿದ ಬೆನ್ನು. 1930ರ ದಶಕದಲ್ಲಿ ನಾಲೆಯ ನೀರೂ ಸಕ್ಕರೆ ಕಾರ್ಖಾನೆಯೂ ಬಂದಂದಿನಿಂದ ಈ ಜಿಲ್ಲೆಯ ಸಿಹಿಯನ್ನು ಹೊತ್ತದ್ದು ಇಂಥ ಬೆನ್ನುಗಳೇ. ಡಿಸ್ಕ್ ಸರಿದು ಶಸ್ತ್ರಚಿಕಿತ್ಸೆಯಾಯಿತು, ನೋವು ಹೋಗಲಿಲ್ಲ. ಒಬ್ಬ ವೈದ್ಯರು ಟ್ರಮಡಾಲ್ ಬರೆದರು. 50 ಮಿಲಿಗ್ರಾಂನ ಎರಡು ಗುಳಿಗೆಯಿಂದ ಆರಂಭವಾಗಿ ಆರು ವರ್ಷಗಳಲ್ಲಿ ದಿನಕ್ಕೆ ಎಂಟಾಯಿತು. ಎಷ್ಟು ದಿನ ಎಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಟ್ರಮಡಾಲ್ 2018ರ ಏಪ್ರಿಲ್‌ನಲ್ಲಿ ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬಂದಿತ್ತು. ಹಳೆಯ ಚೀಟಿಗೆ ಸುಮ್ಮನೆ ಕೊಡುತ್ತಿದ್ದ ಅಂಗಡಿಯವನು ಒಂದು ದಿನ ಹೊಸ ಚೀಟಿ ಇಲ್ಲದೆ ಕೊಡುವುದಿಲ್ಲವೆಂದ. ಅಂಗಡಿಯವನದು ಸರಿಯೇ. ಆದರೆ ಮನೆಯಲ್ಲಿ ಮೂರನೆಯ ದಿನ ಮೈಯೆಲ್ಲ ನಡುಕ, ಬೆವರು, ಭೇದಿ, ಕಾರಣವಿಲ್ಲದ ಅಳು. ಅವರ ಹೆಂಡತಿ ನನ್ನಲ್ಲಿಗೆ ಬಂದರು. “ಇವರ್ನ ನೋಡಕಾಗಲ್ಲ ಸ್ವಾಮಿ, ಯಾರೋ ಮದ್ದು ಹಾಕವ್ರೆ, ಬಂದು ಪ್ರಾರ್ಥನೆ ಮಾಡಿ” ಎಂದರು. ಮದ್ದು ಹಾಕಿದ್ದು ನಿಜ, ಶತ್ರುವಲ್ಲ, ಔಷಧದಂಗಡಿ. ಪ್ರಾರ್ಥನೆಯನ್ನೂ ಮಾಡಿದೆ, ಮಂಡ್ಯಕ್ಕೆ ವೈದ್ಯರಲ್ಲಿಗೂ ಕಳುಹಿಸಿದೆ.

ಅಲ್ಲಿನ ವೈದ್ಯರು ಬೈಯಲಿಲ್ಲ. ಮೊದಲು ಹಳೆಯ ಪ್ರಮಾಣಕ್ಕೆ ಹತ್ತಿರ ತಂದು ಮೈಯನ್ನು ನಿಲ್ಲಿಸಿದರು, ಬಳಿಕ ಇಳಿಸುವ ಪಟ್ಟಿ ಬರೆದರು: ಆರು ವಾರಕ್ಕೊಂದು ಗುಳಿಗೆ ಕಡಿಮೆ. ಮನೆಯಲ್ಲಿ ಗುಳಿಗೆಯ ಡಬ್ಬಿ ಹೆಂಡತಿಯ ವಶಕ್ಕೆ ಹೋಯಿತು, ಆದರೆ ಕಾವಲಿನಂತಲ್ಲ. ಕ್ಯಾಲೆಂಡರಿನಲ್ಲಿ ಇಬ್ಬರೂ ಕೂತು ಗುರುತು ಹಾಕುವರು. ಕಬ್ಬು ಅರೆಯುವ ಹಂಗಾಮಿನಲ್ಲಿ ನೋವು ಕೆರಳಿ, ನಾಲ್ಕನೆಯ ಗುಳಿಗೆಯಲ್ಲಿ ಮೂರು ತಿಂಗಳು ನಿಂತುಬಿಟ್ಟರು. ವೈದ್ಯರು ಹಿಂದಕ್ಕೆ ಏರಿಸಲಿಲ್ಲ, ಮುಂದಕ್ಕೆ ತಳ್ಳಲೂ ಇಲ್ಲ. ನಿಲ್ಲುವುದು ಸೋಲಲ್ಲ ಎಂಬುದು ಮನೆಯವರಿಗೆ ತಿಳಿಯಲು ಸಮಯ ಹಿಡಿಯಿತು. ಇದರ ನಡುವೆ ನೆಂಟರ ಮನೆಯ ಮದುವೆಯೊಂದರಲ್ಲಿ ಯಾರೋ ‘ಮಾತ್ರೆ ಗಿರಾಕಿ’ ಎಂದರಂತೆ. “ಸ್ವಾಮಿ, ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ ನಾನು, ನನ್ನ ಕುಡುಕರ ಸಾಲಿಗೆ ಸೇರಿಸ್ಬುಟ್ರಲ್ಲ” ಎಂದು ಆ ದಿನ ಅವರು ಅತ್ತದ್ದು ಬೆನ್ನುನೋವಿಗಲ್ಲ.

ನೋವನ್ನು ದೇವರಿಗೆ ಒಪ್ಪಿಸಿ ಸಹಿಸಿಕೋ, ಮಾತ್ರೆಯೇಕೆ ಎಂದು ಅವರಿಗೆ ಹೇಳಿದ ಭಕ್ತರೂ ಇದ್ದರು. ಶಿಲುಬೆಯ ಬಳಿ ಕೊಟ್ಟ ರಸಗಂಧ ಬೆರೆತ ದ್ರಾಕ್ಷಾರಸವನ್ನು ಪ್ರಭು ಕುಡಿಯಲಿಲ್ಲವೆಂದು ಮಾರ್ಕನ ಶುಭಸಂದೇಶ ತಿಳಿಸುತ್ತದೆ, ನಿಜ. ಆದರೆ ಅದನ್ನು ಎಲ್ಲ ರೋಗಿಗಳಿಗೂ ಕಟ್ಟಳೆ ಮಾಡಲು ಧರ್ಮಸಭೆ ಎಂದೂ ಒಪ್ಪಿಲ್ಲ. ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು, ಅಂದರೆ ಪೋಪ್ ಹನ್ನೆರಡನೆಯ ಪಯಸ್, 1957ರ ಫೆಬ್ರವರಿ 24ರಂದು ಅರಿವಳಿಕೆ ತಜ್ಞರು ಮುಂದಿಟ್ಟ ಮೂರು ಪ್ರಶ್ನೆಗಳಿಗೆ ಉತ್ತರಿಸುತ್ತಾ, ನೋವು ತಗ್ಗಿಸುವ ಔಷಧಗಳ ಬಳಕೆ ಧರ್ಮಸಮ್ಮತವೆಂದು ಸ್ಪಷ್ಟಪಡಿಸಿದರು. ದಯಾಳು ಸಮಾರಿಯನು ಗಾಯಾಳುವಿಗೆ ಸಹನೆಯ ಉಪದೇಶ ಮಾಡಲಿಲ್ಲ. ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಸುರಿದ. ರೋಗಿಗಳ ಪಾಲಕರಾದ ಸಂತ ಕಮಿಲ್ಲಸ್ (1550–1614) ಸೈನಿಕರಾಗಿದ್ದಾಗ ಕಾಲಿಗಾದ ಹುಣ್ಣು ಕೊನೆಯವರೆಗೂ ಮಾಯಲಿಲ್ಲ. ಜೂಜಿನ ಚಟದಲ್ಲಿ ಎಲ್ಲವನ್ನೂ ಕಳೆದುಕೊಂಡವರೂ ಅವರೇ. ದೀರ್ಘ ನೋವು, ಬಿಡದ ಚಟ ಎರಡನ್ನೂ ತಮ್ಮ ಮೈಮೇಲೆ ಬಲ್ಲ ಆ ಸಂತರು ಆಸ್ಪತ್ರೆಯಲ್ಲಿ ರೋಗಿಗಳನ್ನು ಗದರಿಸುತ್ತಿರಲಿಲ್ಲ.

ಹಾಗಾದರೆ ಮಾತ್ರೆ ಇಳಿಯುವಾಗ ನೋವಿಗೇನು ಗತಿ? ಅಮೆರಿಕದ 240 ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಳೆಯ ಬೆನ್ನುನೋವು ಹಾಗೂ ಮಂಡಿ, ಚಪ್ಪೆಯ ಸಂಧಿನೋವಿಗೆ ಒಂದು ವರ್ಷ ಅಫೀಮು ಕುಲದ ಔಷಧ ಪಡೆದವರು ಸಾಧಾರಣ ನೋವಿನ ಔಷಧ ಪಡೆದವರಿಗಿಂತ ಹೆಚ್ಚೇನೂ ಚೇತರಿಸಿಕೊಂಡಿರಲಿಲ್ಲ. ನೋವಿನ ತೀವ್ರತೆಯಲ್ಲಿ ಎರಡನೆಯ ಗುಂಪೇ ತುಸು ಮೇಲಿತ್ತು. ನಮ್ಮ ಆಲೆಮನೆಯ ಹಿರಿಯರಿಗೆ ವೈದ್ಯರು ನರದ ನೋವಿಗೆ ಬೇರೆ ಕುಲದ ಮಾತ್ರೆಯೊಂದನ್ನು ಕೊಟ್ಟರು, ಫಿಸಿಯೋಥೆರಪಿಯವರು ಬೆನ್ನಿನ ವ್ಯಾಯಾಮ ಕಲಿಸಿದರು. ಬಿಸಿನೀರಿನ ಶಾಖ, ಬೆಳಗಿನ ನಡಿಗೆ, ಒಂದೇ ಉಸಿರಿಗೆ ಇಡೀ ಗದ್ದೆ ಮುಗಿಸುವ ಹಠ ಬಿಟ್ಟು ಅರ್ಧ ಗಂಟೆಗೊಮ್ಮೆ ಕೂರುವ ಅಭ್ಯಾಸ. ಕೊನೆಯದೇ ಅವರಿಗೆ ಅತ್ಯಂತ ಕಷ್ಟವಾದದ್ದು. ಮಂಡ್ಯ ಜಿಲ್ಲೆಯಲ್ಲಿ ಮಂಡ್ಯದ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯ, ನಾಗಮಂಗಲದ ಬಿ.ಜಿ. ನಗರದ ವೈದ್ಯಕೀಯ ಮಹಾವಿದ್ಯಾಲಯ ಎರಡರಲ್ಲೂ ಮೂಳೆ ವಿಭಾಗವೂ ಮನೋವೈದ್ಯ ವಿಭಾಗವೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

ಮನೆಯವರು ತಿಳಿದಿರಬೇಕಾದ ಎರಡು ಅಪಾಯಗಳಿವೆ. ಈ ಮಾತ್ರೆಗಳ ಜೊತೆ ಮದ್ಯವಾಗಲಿ ನಿದ್ದೆಮಾತ್ರೆಯಾಗಲಿ ಸೇರಿದರೆ ಉಸಿರೇ ನಿಲ್ಲಬಹುದು. ಇನ್ನೊಂದು, ತಿಂಗಳುಗಟ್ಟಲೆ ಇಳಿಸಿದ ಮೇಲೆ ದೇಹ ಹಳೆಯ ಪ್ರಮಾಣವನ್ನು ತಡೆಯಲಾರದು. ನೋವು ಕೆರಳಿದ ರಾತ್ರಿ ಹಳೆಯ ಲೆಕ್ಕದಲ್ಲಿ ಒಟ್ಟಿಗೆ ನುಂಗಿದವರು ಬೆಳಗ್ಗೆ ಏಳದೇ ಹೋದದ್ದುಂಟು. ಆದ್ದರಿಂದ ಉಳಿದ ಗುಳಿಗೆಗಳನ್ನು ‘ಇರಲಿ’ ಎಂದು ಪೆಟ್ಟಿಗೆಯಲ್ಲಿಡಬಾರದು. ವೈದ್ಯರಿಗೆ ತೋರಿಸಿ ಹಿಂದಿರುಗಿಸಬೇಕು. ಗರ್ಭಿಣಿಯರು, ಫಿಟ್ಸ್ ಇರುವವರು ತಾವಾಗಿಯೇ ಒಂದು ಗುಳಿಗೆಯನ್ನೂ ಕಡಿಮೆ ಮಾಡಬಾರದು.

ಅವರ ಇಳಿಕೆ ಈಗ ಎರಡನೆಯ ವರ್ಷದಲ್ಲಿದೆ. ಕೊನೆಯ ಮೆಟ್ಟಿಲುಗಳೇ ಎತ್ತರ, ಏಕೆಂದರೆ ಎಂಟರಲ್ಲಿ ಒಂದು ಬಿಡುವುದಕ್ಕೂ ಎರಡರಲ್ಲಿ ಒಂದು ಬಿಡುವುದಕ್ಕೂ ಬಹಳ ಅಂತರವಿದೆ. ಅದಕ್ಕೇ ವೈದ್ಯರು ಅಲ್ಲಿ ಗಡುವನ್ನು ಉದ್ದ ಮಾಡಿದರು. ಬೆನ್ನು ಇನ್ನೂ ನೋಯುತ್ತದೆ. ಭಾನುವಾರದ ಪೂಜೆಗೆ ನಡೆದೇ ಬರುತ್ತಾರೆ, ಮೊಣಕಾಲೂರುವ ಹೊತ್ತಿಗೆ ಬೆಂಚಿನ ಮೇಲೆ ಕೂತಿರುತ್ತಾರೆ. ರಾತ್ರಿಯ ಒಂದು ಗುಳಿಗೆ ಉಳಿದಿದೆ.